ಅಜ್ಜಿ ಹೇಳದೆ ಬಿಟ್ಟ ಕಥೆ



ಮಕ್ಕಳ ಸಾಹಿತ್ಯದ ಬಗ್ಗೆಯೇ ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಅದರೊಳಗೆ ನಾನು ಆರಿಸಿಕೊಂಡಿರುವುದು ವಯಸ್ಸಾದ ಮೇಲೆ ಮಕ್ಕಳಿಗಾಗಿ ಬರೆಯಲು ಕೂತವರ ವಿಷಯ. ನಮ್ಮಲ್ಲಿ ನಿವೃತ್ತಿಗೂ ಶಿಶುಸಾಹಿತ್ಯಕ್ಕೂ ಏನೋ ನಂಟು. ಪಿಂಚಣಿ ಕೈಗೆ ಬರತೊಡಗಿದ ವರ್ಷದಲ್ಲೇ ಮೇಷ್ಟ್ರು ಒಂದು ಮಕ್ಕಳ ಕಥಾಸಂಕಲನ ತರುತ್ತಾರೆ. ಅರ್ಪಣೆಯ ಪುಟದಲ್ಲಿ ಮೊಮ್ಮಗಳ ಹೆಸರು. ಸಂತೋಷವೇ. ಆದರೆ ಓದುತ್ತ ಹೋದರೆ, ಬಹುಪಾಲು ಕಥೆಗಳ ಕೊನೆಯ ನಾಲ್ಕು ಸಾಲು ಬರುವಷ್ಟರಲ್ಲಿ ಮೊಲ, ನರಿ, ಕಾಗೆಗಳೆಲ್ಲ ಮಾಯವಾಗಿ ಮೇಷ್ಟ್ರೇ ಎದ್ದು ನಿಂತಿರುತ್ತಾರೆ. ಇಷ್ಟು ವರ್ಷ ಬದುಕಿದ್ದೇನೆ, ಕಲಿತದ್ದನ್ನು ಕೊಟ್ಟು ಹೋಗಬೇಕು ಎಂಬ ತವಕ ಅದು. ಮಕ್ಕಳು ಮಾತ್ರ ಆ ನಾಲ್ಕು ಸಾಲನ್ನು ಹಾರಿಸಿ ಮುಂದಿನ ಕಥೆಗೆ ಹೋಗುತ್ತಾರೆ.

ತಡವಾಗಿ ಮಕ್ಕಳತ್ತ ತಿರುಗಿದವರಿಗೆ ನೆನಪಿನ ಬಡತನ ಇರುವುದಿಲ್ಲ. ಅವರು ಒದ್ದಾಡುವುದು ನೆನಪಿನಲ್ಲಿ ಯಾವುದನ್ನು ಬಿಡಬೇಕು ಎಂಬಲ್ಲಿ. ಬಿಡುವ ಈ ಕೆಲಸವನ್ನು ಒಬ್ಬ ಲೇಖಕಿ ಹೇಗೆ ಮಾಡಿದಳು, ಎಲ್ಲಿ ಗೆದ್ದಳು, ಎಲ್ಲಿ ಎಡವಿದಳು ಎಂಬುದನ್ನಷ್ಟೇ ಇವತ್ತು ನೋಡೋಣ. ಆಕೆ ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್. ಎಸ್. ಅನಂತನಾರಾಯಣ ಅವರ ಅನುವಾದಗಳಿಂದಾಗಿ ಕನ್ನಡದ ಓದುಗರಿಗೆ ಆಕೆ ಹೊಸಬಳಲ್ಲ. ‘ದೊಡ್ಡ ಕಾಡಿನಲ್ಲಿ ಪುಟ್ಟ ಮನೆ’ಯನ್ನು ಓದಿ ಬೆಳೆದವರು ಈ ಸಭೆಯಲ್ಲೂ ಇರಬಹುದು. ಓದಿದವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಉಳಿದಿರುವುದು ಒಬ್ಬ ಅಜ್ಜಿ ಕೂತು ನಡೆದದ್ದನ್ನು ನಡೆದಂತೆ ಹೇಳಿಬಿಟ್ಟಳು ಎಂಬ ಚಿತ್ರ. ಆ ಚಿತ್ರ ಆಕೆಯ ಕಸುಬಿಗೆ ಸಲ್ಲುವ ದೊಡ್ಡ ಗೌರವ. ಅದು ನಿಜವಂತೂ ಅಲ್ಲ.

ಲಾರಾ ಹುಟ್ಟಿದ್ದು 1867ರ ಫೆಬ್ರವರಿ 7ರಂದು, ವಿಸ್ಕಾನ್ಸಿನ್‌ನ ಪೆಪಿನ್ ಊರಿನ ಹತ್ತಿರ. ಅಪ್ಪ ಚಾರ್ಲ್ಸ್ ಇಂಗಲ್ಸ್ ಒಂದು ಕಡೆ ನಿಲ್ಲುವ ಜಾಯಮಾನದವನಲ್ಲ. ಗಾಡಿ ಕಟ್ಟಿಕೊಂಡು ಕ್ಯಾನ್ಸಸ್, ಅಲ್ಲಿಂದ ಮರಳಿ ವಿಸ್ಕಾನ್ಸಿನ್, ಆಮೇಲೆ ಮಿನೆಸೋಟ, ಅಯೋವ, ಮತ್ತೆ ಮಿನೆಸೋಟ, ಕೊನೆಗೆ 1879ರಲ್ಲಿ ಡಕೋಟ. ಮಿಡತೆಗಳು ಬೆಳೆ ತಿಂದವು, ಅಕ್ಕ ಮೇರಿ ಕಣ್ಣು ಕಳೆದುಕೊಂಡಳು. ಲಾರಾ ಹದಿನಾರು ತುಂಬುವ ಮೊದಲೇ ಶಾಲೆಯಲ್ಲಿ ಪಾಠ ಹೇಳಿದಳು. 1885ರಲ್ಲಿ ಆಲ್ಮಾಂಜೊ ವೈಲ್ಡರ್‌ನನ್ನು ಮದುವೆಯಾದಳು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಡಿಫ್ತೀರಿಯ, ಹಸುಗೂಸಿನ ಸಾವು, ಮನೆಗೆ ಬೆಂಕಿ, ಬೆಳೆಯ ಮೇಲೆ ಬೆಳೆ ಹಾಳು. 1894ರಲ್ಲಿ ಉಳಿದದ್ದನ್ನು ಗಾಡಿಗೆ ಹೇರಿಕೊಂಡು, ಮಗಳು ರೋಸ್ ಜೊತೆ, ಮಿಸೌರಿಯ ಮ್ಯಾನ್ಸ್‌ಫೀಲ್ಡ್ ಎಂಬಲ್ಲಿಗೆ ಬಂದು ಕಲ್ಲುಗುಡ್ಡದ ಜಮೀನು ಹಿಡಿದರು.

ಅರವತ್ತೈದನೆಯ ವಯಸ್ಸಿನಲ್ಲಿ ಮೊದಲ ಪುಸ್ತಕ ಎಂದು ಆಕೆಯನ್ನು ಹೊಗಳುವವರು ಒಂದು ಸಂಗತಿಯನ್ನು ಹೇಳುವುದಿಲ್ಲ. 1911ರಿಂದ ‘ಮಿಸೌರಿ ರೂರಲಿಸ್ಟ್’ ಎಂಬ ರೈತರ ಪತ್ರಿಕೆಗೆ ಆಕೆ ಬರೆಯುತ್ತಿದ್ದಳು, ಅದೂ ಹತ್ತು ವರ್ಷಕ್ಕೂ ಮೇಲ್ಪಟ್ಟು. ಕೋಳಿ ಸಾಕಣೆಯಲ್ಲಿ ಊರಿಗೆ ಗೊತ್ತಿದ್ದ ಹೆಂಗಸು. ಆ ಹೆಸರಿನಿಂದಲೇ ಪತ್ರಿಕೆಯ ಬಾಗಿಲು ತೆರೆದದ್ದು. ರೈತರಿಗೆ ಸಾಲ ಕೊಡಿಸುವ ಸಂಘದ ಕಾರ್ಯದರ್ಶಿಯಾಗಿ ಲೆಕ್ಕಪತ್ರವನ್ನೂ ನೋಡಿಕೊಳ್ಳುತ್ತಿದ್ದಳು. ಹಾಲು ಕರೆದು ದಣಿದವರು ಅರ್ಧ ಪುಟ ಓದಿ ಎತ್ತಿಡುವ ಹಾಗೆ ಬರೆಯುವುದನ್ನು ಅಲ್ಲಿ ಕಲಿತಳು. ತಡವಾಗಿ ಬಂದದ್ದು ಪುಸ್ತಕ. ಬರವಣಿಗೆ ಆ ಮೊದಲೇ ಕೈಗೆ ಹತ್ತಿತ್ತು. ಕಚೇರಿಯ ಕಡತದ ಭಾಷೆಯಿಂದ ನೇರವಾಗಿ ಮಕ್ಕಳ ಕಥೆಗೆ ಜಿಗಿಯುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.

ಆಕೆ ಪುಸ್ತಕ ಬರೆಯಲು ಕೂತದ್ದಕ್ಕೆ ಒಂದು ಕಾರಣ ದುಡ್ಡು. 1929ರ ಷೇರುಪೇಟೆ ಕುಸಿತದ ನಂತರ ಮಗಳ ಉಳಿತಾಯವೂ ಮಗಳ ಮಾತು ಕೇಳಿ ಹೂಡಿದ ತಂದೆತಾಯಿಯ ಹಣವೂ ಕರಗಿದವು. ಅಮ್ಮ ಕ್ಯಾರೊಲೈನ್ 1924ರಲ್ಲಿ, ಅಕ್ಕ ಮೇರಿ 1928ರಲ್ಲಿ ತೀರಿಕೊಂಡಿದ್ದರು. ಬಾಲ್ಯವನ್ನು ಕಂಡ ಸಾಕ್ಷಿಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾಗ, ಖರ್ಚಿಗೆ ಕಾಸಿನ ಯೋಚನೆಯೂ ಇದ್ದಾಗ, 1930ರಲ್ಲಿ ಆಕೆ ಶಾಲಾಮಕ್ಕಳ ಗೆರೆ ಹಾಕಿದ ಪುಸ್ತಕ ತಂದು ಪೆನ್ಸಿಲಿನಲ್ಲಿ ತನ್ನ ಕಥೆ ಬರೆದಳು. ಹೆಸರು ‘ಪಯೊನೀರ್ ಗರ್ಲ್’. ಅದು ದೊಡ್ಡವರಿಗಾಗಿ ಬರೆದ ಆತ್ಮಕಥನ. ‘ನಾನು’ ಎಂಬ ದನಿಯಲ್ಲೇ ನೆನಪಾದದ್ದನ್ನೆಲ್ಲ ಒಂದರ ಹಿಂದೊಂದು ಹೇಳುತ್ತ ಹೋಗುತ್ತದೆ. ಅಷ್ಟರಲ್ಲಿ ಹೆಸರಾಂತ ಲೇಖಕಿಯಾಗಿದ್ದ ಮಗಳು ರೋಸ್ ವೈಲ್ಡರ್ ಲೇನ್ ಅದನ್ನು ಟೈಪು ಮಾಡಿ ಪತ್ರಿಕೆಗಳಿಗೆ ಕಳಿಸಿದಳು. ಯಾರೂ ತೆಗೆದುಕೊಳ್ಳಲಿಲ್ಲ.

ರೋಸ್ ಅದರಲ್ಲಿನ ವಿಸ್ಕಾನ್ಸಿನ್ ಕಾಡಿನ ಭಾಗವನ್ನು ಮಾತ್ರ ಬೇರ್ಪಡಿಸಿ ಮಕ್ಕಳ ಪುಸ್ತಕಕ್ಕೆ ಆದೀತೇ ಎಂದು ತೋರಿಸಿದಾಗ ದಾರಿ ತೆರೆಯಿತು. ಕ್ನಾಫ್ ಪ್ರಕಾಶನದ ಮಕ್ಕಳ ವಿಭಾಗದ ಸಂಪಾದಕಿ ಒಪ್ಪಿ, ಇನ್ನೂ ಹಿಗ್ಗಿಸಿ ಬರೆಯಿರಿ ಎಂದಳು. ಆ ವಿಭಾಗವೇ ಮುಚ್ಚುವ ಹಂತಕ್ಕೆ ಬಂತು. ಹಾರ್ಪರ್ ಪ್ರಕಾಶನ ಕೈಗೆತ್ತಿಕೊಂಡು 1932ರಲ್ಲಿ ‘ದೊಡ್ಡ ಕಾಡಿನಲ್ಲಿ ಪುಟ್ಟ ಮನೆ’ಯನ್ನು ಅಚ್ಚು ಹಾಕಿತು. ಪ್ರಕಾಶನದ ಈ ಕಥೆ ಸ್ವಾರಸ್ಯದ್ದೇ, ಆದರೆ ನನಗೆ ಮುಖ್ಯವಾದ ಬದಲಾವಣೆ ಬೇರೆ. ‘ನಾನು’ ಹೋಗಿ ‘ಲಾರಾ’ ಬಂದಳು. ಹೇಳುವ ಮುದುಕಿ ಪುಟದಿಂದ ಇಳಿದಳು, ಐದು ವರ್ಷದ ಹುಡುಗಿಯೊಬ್ಬಳು ಹತ್ತಿದಳು. ಆ ಹುಡುಗಿಗೆ ಕಾಣದ್ದು ಪುಸ್ತಕದಲ್ಲಿ ಇರುವಂತಿಲ್ಲ. ಅಪ್ಪನ ಸಾಲ ಎಷ್ಟು, ಅಮ್ಮ ರಾತ್ರಿ ಏಕೆ ಎಚ್ಚರವಾಗಿದ್ದಾಳೆ ಎಂಬುದು ಅವಳಿಗೆ ಗೊತ್ತಿಲ್ಲ. ಹಂದಿ ಕೊಯ್ದ ದಿನ ಅದರ ಮೂತ್ರಕೋಶವನ್ನು ಊದಿ ಚೆಂಡು ಮಾಡಿಕೊಡುತ್ತಾರೆ ಎಂಬುದು ಗೊತ್ತು. ಹಾಗೆ ಆ ಕಾಡು ಅಷ್ಟೊಂದು ದೊಡ್ಡದಾಯಿತು.

ಬಿಡುವ ಕೆಲಸ ಇಲ್ಲಿಂದ ಶುರು. ಬದುಕಿನಲ್ಲಿ ಮೊದಲು ಬಂದದ್ದು ಕ್ಯಾನ್ಸಸ್. ಆಗ ಲಾರಾಗೆ ಎರಡರಿಂದ ನಾಲ್ಕು ವರ್ಷ. ಪುಸ್ತಕಗಳಲ್ಲಿ ವಿಸ್ಕಾನ್ಸಿನ್ ಮೊದಲು, ಕ್ಯಾನ್ಸಸ್ ಆಮೇಲೆ. ಅಲ್ಲಿಯ ಲಾರಾ ದೊಡ್ಡವಳು. 1875ರ ನವೆಂಬರಿನಲ್ಲಿ ಲಾರಾಗೊಬ್ಬ ತಮ್ಮ ಹುಟ್ಟಿದ್ದ. ಹೆಸರು ಫ್ರೆಡ್ಡಿ. ಒಂಬತ್ತು ತಿಂಗಳಿಗೆ ಹೋಗಿಬಿಟ್ಟ. ಪುಸ್ತಕಗಳಲ್ಲಿ ಅವನು ಹುಟ್ಟಲೇ ಇಲ್ಲ. ಅಯೋವದ ಬರ್ ಓಕ್‌ನಲ್ಲಿ ಮನೆಯವರೆಲ್ಲ ಒಂದು ಹೋಟೆಲಿನ ಕೆಲಸಕ್ಕೆ ನಿಂತಿದ್ದು, ಬಾಡಿಗೆ ಬಾಕಿಯ ತಕರಾರಿನಿಂದ ಅಪ್ಪ ರಾತ್ರೋರಾತ್ರಿ ಸಂಸಾರವನ್ನು ಗಾಡಿಗೆ ಹತ್ತಿಸಿ ಊರು ಬಿಟ್ಟದ್ದು ‘ಪಯೊನೀರ್ ಗರ್ಲ್’ನಲ್ಲಿ ಇದೆ, ಮಕ್ಕಳ ಪುಸ್ತಕಗಳಲ್ಲಿ ಇಲ್ಲ. ಎರಡು ವರ್ಷ ಪೂರ್ತಿ ಅಳಿಸಿಹೋಗಿದೆ. ಪಿಟೀಲು ನುಡಿಸುವ, ಯಾರ ಹಂಗಿಗೂ ಬೀಳದ ಪುಸ್ತಕದ ಅಪ್ಪ, ‘ಪಾ’, ರಾತ್ರಿ ಓಡಿಹೋಗುವವನಲ್ಲ. ಆದ್ದರಿಂದ ಆ ರಾತ್ರಿ ಇಲ್ಲ.

ಜ್ಯಾಕ್ ಎಂಬ ನಾಯಿಯ ವಿಷಯ ಹೇಳಲೇಬೇಕು. ಗಾಡಿಯ ಕೆಳಗೆ ಓಡುತ್ತ ಬರುವ ಆ ನಾಯಿ ‘ಸಿಲ್ವರ್ ಲೇಕ್’ ಪುಸ್ತಕದ ಆರಂಭದಲ್ಲಿ ಮುಪ್ಪಾಗಿ, ತನ್ನ ಹಾಸಿಗೆಯಲ್ಲಿ ಮಲಗಿದಲ್ಲೇ ಸಾಯುತ್ತದೆ. ಓದಿ ಅತ್ತವರು ಲಕ್ಷಾಂತರ. ವಾಸ್ತವದಲ್ಲಿ ಅಪ್ಪ ಕುದುರೆಗಳನ್ನು ಬೇರೆಯವರಿಗೆ ಕೊಟ್ಟಾಗ ಜ್ಯಾಕ್ ಕುದುರೆಗಳ ಜೊತೆಗೇ ಹೋಯಿತು, ಲಾರಾ ಇನ್ನೂ ಚಿಕ್ಕವಳಿದ್ದಾಗಲೇ. ಎಪ್ಪತ್ತು ದಾಟಿದ ಹೆಂಗಸು ಅರುವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಆ ನಾಯಿಗೆ ಬೆಚ್ಚನೆಯ ಸಾವು ಕೊಡಿಸಿದಳು. ಇದನ್ನು ಸುಳ್ಳು ಅನ್ನಬಹುದು. ನಾನು ಅನ್ನಲಾರೆ. ಅಲ್ಲಿ ಮುಗಿಯುತ್ತಿರುವುದು ಬಾಲ್ಯ, ಅದು ಮುಗಿದದ್ದು ಮಕ್ಕಳಿಗೆ ಹೇಗಾದರೂ ತಿಳಿಯಬೇಕಿತ್ತು.

ಹೀಗೆ ಬಿಡುತ್ತ, ತಿದ್ದುತ್ತ ಹೋದವಳು ಒಂದು ಕಡೆ ಪಟ್ಟು ಹಿಡಿದಳು. ಬಿಡಬಾರದ್ದು ಯಾವುದು ಎಂಬ ಪಾಠವೂ ನಮಗೆ ಅಲ್ಲೇ ಸಿಗುವುದು. ಮೇರಿ ಕುರುಡಿಯಾದ ಸಂಗತಿ ಮಕ್ಕಳ ಪುಸ್ತಕಕ್ಕೆ ಬೇಡ ಎಂಬುದು ರೋಸ್‌ಳ ಅಭಿಪ್ರಾಯವಾಗಿತ್ತು. ಆ ಕಾಲದ ಮಕ್ಕಳ ಪುಸ್ತಕಗಳ ಲೆಕ್ಕದಲ್ಲಿ ರೋಸ್ ಹೇಳಿದ್ದು ಸರಿಯೇ. ಲಾರಾ ಒಪ್ಪಲಿಲ್ಲ. ದುಃಖದ ಒಂದು ಎಳೆ ಇದ್ದರೇ ಕಥೆ ಬದುಕಿಗೆ ಹತ್ತಿರ ಎಂಬರ್ಥದಲ್ಲಿ ಮಗಳಿಗೆ ಪತ್ರ ಬರೆದಳು. ಹಾಗಾಗಿ ‘ಸಿಲ್ವರ್ ಲೇಕ್’ನ ಮೊದಲ ಪುಟಗಳಲ್ಲೇ ಹದಿನಾಲ್ಕರ ಮೇರಿಯ ನೀಲಿ ಕಣ್ಣುಗಳು ಬರಿದಾಗಿವೆ. ಪುಸ್ತಕದಲ್ಲಿ ಕಾರಣ ಸ್ಕಾರ್ಲೆಟ್ ಜ್ವರ. ಅದು ಮಿದುಳಿಗೆ ತಗುಲಿದ ವೈರಸ್ ಸೋಂಕು ಇರಬೇಕೆಂದು 2013ರಲ್ಲಿ ವೈದ್ಯರು ಒಂದು ಪ್ರಬಂಧ ಬರೆದರು.

ಅಪ್ಪ ಲಾರಾಗೆ ಹೇಳುತ್ತಾನೆ, ಇನ್ನು ಮೇಲೆ ಅಕ್ಕನಿಗೆ ನೀನೇ ಕಣ್ಣು ಎಂದು. ರೈಲಿನಲ್ಲಿ ಕೂತರೆ ಕಿಟಕಿಯಾಚೆ ಏನಿದೆ, ಎದುರು ಕೂತವರ ಉಡುಪಿನ ಬಣ್ಣ ಯಾವುದು, ಆಕಾಶ ಹೇಗಿದೆ, ಎಲ್ಲವನ್ನೂ ಲಾರಾ ಬಾಯಿಬಿಟ್ಟು ಹೇಳಬೇಕು. ಸುಮ್ಮನೆ ‘ಚೆಂದ ಇದೆ’ ಎಂದರೆ ಮೇರಿಗೆ ಏನೂ ಕಾಣುವುದಿಲ್ಲ. ಉತ್ಪ್ರೇಕ್ಷೆ ಮಾಡಿದರೆ ಮೇರಿ ತಡೆದು ಆಕ್ಷೇಪಿಸುತ್ತಾಳೆ. ಬರಹಗಾರ್ತಿಗೆ ಇದಕ್ಕಿಂತ ಬಿಗಿಯಾದ ಶಾಲೆ ಇನ್ನೊಂದಿರಲಾರದು. ಈ ಪುಸ್ತಕಗಳ ವರ್ಣನೆ ನಮ್ಮ ಕಣ್ಣ ಮುಂದೆ ನಿಲ್ಲುವುದಕ್ಕೆ ಕಾರಣ, ಅದು ಮೂಲದಲ್ಲಿ ಕಾಣದ ಒಬ್ಬಳಿಗಾಗಿ ಹುಟ್ಟಿದ ಮಾತು. ಮಕ್ಕಳಿಗೆ ಬರೆಯುವವರ ಮುಂದೆ ಕೂತಿರುವ ಓದುಗರೂ ನಾವು ಕಂಡದ್ದನ್ನು ಕಾಣದವರೇ ತಾನೆ? ಬೀಸುಕಲ್ಲನ್ನು ಕಾಣದ ಮಗುವಿಗೆ ಬೀಸುಕಲ್ಲು ಎಂದು ಬರೆದು ಮುಂದೆ ಹೋದರೆ ಸಾಲದು. ಕೈ ಎಲ್ಲಿ ಹಿಡಿಯಿತು, ಸದ್ದು ಹೇಗಿತ್ತು, ಹಿಟ್ಟು ಎಲ್ಲಿ ಬಿತ್ತು ಹೇಳಬೇಕು. ನಮ್ಮ ನಿವೃತ್ತ ಮೇಷ್ಟ್ರುಗಳು ನೀತಿಗೆ ಎತ್ತಿಟ್ಟ ನಾಲ್ಕು ಸಾಲನ್ನು ಈ ಕೆಲಸಕ್ಕೆ ಕೊಟ್ಟರೆ ಎಷ್ಟು ಚೆನ್ನ ಎಂದು ನನಗೆ ಅನಿಸುತ್ತಿರುತ್ತದೆ.

1880-81ರ ಚಳಿಗಾಲದ ಪುಸ್ತಕವನ್ನು ನಾನು ಇಡೀ ಸರಣಿಯಲ್ಲೇ ಮೇಲಿನದೆಂದು ಎಣಿಸುತ್ತೇನೆ. ಇಂಗಲ್ಸ್ ಸಂಸಾರವಿದ್ದ ಡಕೋಟದ ಡಿ ಸ್ಮೆಟ್ ಊರು ಹಿಮದಲ್ಲಿ ಹೂತು, ಜನವರಿಯಿಂದ ಮೇ ತನಕ ರೈಲು ಬರಲಿಲ್ಲ. ಸೌದೆ, ಕಲ್ಲಿದ್ದಲು ಮುಗಿದ ಮೇಲೆ ಒಣಹುಲ್ಲನ್ನು ಹಗ್ಗದಂತೆ ಹೊಸೆದು ಒಲೆಗೆ ಹಾಕಿದರು. ಬಿತ್ತನೆಯ ಗೋಧಿಯನ್ನು ಕಾಫಿಬೀಜ ಪುಡಿ ಮಾಡುವ ಕೈಗಿರಣಿಯಲ್ಲಿ ಸರದಿಯ ಮೇಲೆ ತಿರುಗಿಸಿ ಒರಟು ರೊಟ್ಟಿ ಮಾಡಿದರು. ಹಸಿವು ಮನುಷ್ಯರನ್ನು ಹೇಗೆ ಮಂಕಾಗಿಸುತ್ತದೆ, ಮಾತು ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ಲಾರಾ ಎಲ್ಲೂ ಸಿಹಿ ಮಾಡದೆ ಬರೆದಿದ್ದಾಳೆ. ಪುಸ್ತಕಕ್ಕೆ ಆಕೆ ಇಟ್ಟಿದ್ದ ಹೆಸರು ‘ದಿ ಹಾರ್ಡ್ ವಿಂಟರ್’, ಕಠಿಣ ಚಳಿಗಾಲ. ಮಕ್ಕಳ ಪುಸ್ತಕದ ಮೇಲೆ ಅಂಥ ಪದ ಬೇಡವೆಂದು ಪ್ರಕಾಶಕರು ‘ದಿ ಲಾಂಗ್ ವಿಂಟರ್’ ಮಾಡಿದರು. ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಕು ಎಂಬ ಭಯ ಪ್ರಕಾಶಕರದು, ಬರೆದವಳದಲ್ಲ.

ಆದರೂ ಅಲ್ಲೊಂದು ಬಿಟ್ಟದ್ದಿದೆ. ಆ ಚಳಿಗಾಲವೆಲ್ಲ ಇಂಗಲ್ಸ್ ಮನೆಯಲ್ಲಿ ಇನ್ನೊಂದು ಎಳೆಯ ದಂಪತಿ, ಆಗಷ್ಟೇ ಹುಟ್ಟಿದ ಮಗುವಿನೊಂದಿಗೆ, ಇದ್ದರು. ಗಂಡನಾದವನು ಒಲೆಯ ಹತ್ತಿರದ ಜಾಗ ಹಿಡಿದು ಕೆಲಸಕ್ಕೆ ಕೈಹಾಕದ ಮನುಷ್ಯ ಎಂದು ಲಾರಾಗೆ ಕೊನೆಯವರೆಗೂ ಸಿಟ್ಟಿತ್ತು. ಅವರನ್ನು ತಂದರೆ ಕಥೆ ಅವರ ದೂರಿನ ಪಟ್ಟಿಯಾಗುತ್ತದೆ, ಹಿಮದ ನಡುವೆ ಒಂದು ಸಂಸಾರ ಒಂಟಿಯಾಗಿದೆ ಎಂಬ ಬಿಗಿ ಸಡಿಲವಾಗುತ್ತದೆ. ಬಿಟ್ಟಳು. ವಯಸ್ಸಾದವರಿಗೆ ಹಳೆಯ ಸಿಟ್ಟನ್ನು ಪುಸ್ತಕಕ್ಕೆ ತುಂಬದೆ ಇರುವುದು ಎಷ್ಟು ಕಷ್ಟ ಎಂದು ನಮ್ಮ ಆತ್ಮಕಥೆಗಳ ರಾಶಿ ನೋಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ಬಿಡುವ ತೀರ್ಮಾನ ತಾಯಿಯದೋ ಮಗಳದೋ? ಪುಸ್ತಕಗಳನ್ನು ಬರೆದದ್ದೇ ರೋಸ್ ಎಂದು 1993ರಲ್ಲಿ ವಿಲಿಯಂ ಹೋಲ್ಟ್ಸ್ ಒಂದು ಇಡೀ ಗ್ರಂಥದಲ್ಲಿ ವಾದಿಸಿದ. ಕರಡುಗಳೂ ಪತ್ರಗಳೂ ಉಳಿದಿರುವುದರಿಂದ ಅಂದಾಜಿನ ಮೇಲೆ ಜಗಳವಾಡಬೇಕಿಲ್ಲ. ಸಾಮಗ್ರಿ ತಾಯಿಯದು, ದೃಶ್ಯಗಳನ್ನು ಜೋಡಿಸಿ ಬಿಗಿ ಮಾಡಿದ ಕೈಯಲ್ಲಿ ಮಗಳ ಪಾಲು ದೊಡ್ಡದು. ಮೇರಿಯ ವಿಷಯದಂತೆ ಮುಖ್ಯ ಜಾಗಗಳಲ್ಲಿ ಕೊನೆಯ ಮಾತು ತಾಯಿಯದಾಗಿತ್ತು. ಇಬ್ಬರ ಸಂಬಂಧ ಹಿತವಾಗಿತ್ತೆಂದೇನೂ ಅಲ್ಲ. ತಾಯಿಯ ಕಥೆಯನ್ನೇ ಎತ್ತಿಕೊಂಡು ರೋಸ್ ತನ್ನ ಹೆಸರಿನಲ್ಲಿ ಕಾದಂಬರಿ ಬರೆದಾಗ ಲಾರಾಗೆ ನೋವಾಗಿತ್ತು. ಮದುವೆಯ ನಂತರದ ಸಂಕಟದ ವರ್ಷಗಳನ್ನು ಲಾರಾ ಬೇರೆಯಾಗಿ ಬರೆದಿಟ್ಟಿದ್ದಳು. ತಾನು ಬದುಕಿರುವವರೆಗೆ ಅಚ್ಚಿಗೆ ಕೊಡಲಿಲ್ಲ. ರೋಸ್ 1968ರಲ್ಲಿ ತೀರಿಕೊಂಡ ಮೇಲೆ, 1971ರಲ್ಲಿ ಅದು ‘ದಿ ಫಸ್ಟ್ ಫೋರ್ ಇಯರ್ಸ್’ ಎಂದು ಹೊರಬಂತು. ಮಗಳ ಕೈ ತಾಗದ ಆ ಪುಸ್ತಕ ಒಣಗಿದಂತಿದೆ. ಸಾಲದ ಮೊತ್ತ, ಆಲಿಕಲ್ಲು, ಮಗುವಿನ ಸಾವು, ಬೆಂಕಿ. ಮಕ್ಕಳ ಸರಣಿಯನ್ನು ಆಕೆ 1943ರಲ್ಲಿ, ತನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಮದುವೆಯ ದಿನಕ್ಕೇ ನಿಲ್ಲಿಸಿದ್ದಳು. ಹನ್ನೊಂದು ವರ್ಷಗಳಲ್ಲಿ ಎಂಟು ಪುಸ್ತಕ.

ನಮ್ಮವರ ಕಡೆಗೆ ಒಂದು ಕ್ಷಣ ಬರುತ್ತೇನೆ. ದೊಡ್ಡವರಿಗೆ ಬರೆದು ಹೆಸರಾದ ಮೇಲೆ ಮಕ್ಕಳಿಗೆ ಬರೆದವರು ಕನ್ನಡದಲ್ಲಿ ಕಡಿಮೆಯಿಲ್ಲ. ಮುತ್ತುಪ್ಪಾಡಿಯ ಕಥೆಗಳ ಬೊಳುವಾರು ಮಹಮದ್ ಕುಂಞಿ ಗಾಂಧಿಯ ಬಾಲ್ಯ ಹಿಡಿದು ಬರೆದ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮರುವರ್ಷ ಅದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ. ಡಿಸೋಜ ಶರಾವತಿ ಯೋಜನೆಯ ಕೆಲಸದಲ್ಲಿದ್ದವರು. ಲಿಂಗನಮಕ್ಕಿಯ ನೀರು ಏರಿದ್ದನ್ನು, ಜನ ಮನೆ ಬಿಟ್ಟು ಹೊರಟದ್ದನ್ನು ಒಳಗಿನಿಂದ ಕಂಡವರು. ದೊಡ್ಡವರಿಗೆ ‘ಮುಳುಗಡೆ’, ‘ದ್ವೀಪ’ ಬರೆದ ಮೇಲೆ ಅದೇ ಮುಳುಗಡೆಯನ್ನು ಎಪ್ಪತ್ತರ ಆಸುಪಾಸಿನಲ್ಲಿ ಮಕ್ಕಳ ಮುಂದೆಯೂ ಇಟ್ಟರು. ಇದು ಮಕ್ಕಳಿಗೆ ಬೇಡ ಎಂದು ಅವರಿಗೆ ಅನಿಸಲಿಲ್ಲ. ಡಿಸೋಜರ ಹೆಸರು ಎತ್ತಿದ್ದಕ್ಕೆ ಕಾರಣವಿದೆ. ಲಾರಾ ಎಡವಿದ್ದು ನೆಲ ಕಳೆದುಕೊಂಡವರ ವಿಷಯದಲ್ಲೇ.

1869ರಲ್ಲಿ ಚಾರ್ಲ್ಸ್ ಇಂಗಲ್ಸ್ ಮನೆ ಕಟ್ಟಿದ ಕ್ಯಾನ್ಸಸ್‌ನ ಆ ಜಾಗ ಓಸೇಜ್ ಬುಡಕಟ್ಟಿನವರದು. ಅಲ್ಲಿ ನೆಲೆಸಲು ಬಿಳಿಯರಿಗೆ ಆಗ ಕಾನೂನಿನ ಹಕ್ಕಿರಲಿಲ್ಲ. ಇಂಗಲ್ಸ್‌ನಂಥ ಸಾವಿರಾರು ಜನ ಬಂದು ಕೂತರು. 1870ರಲ್ಲಿ ಅಮೆರಿಕದ ಸಂಸತ್ತು ಓಸೇಜರನ್ನು ದಕ್ಷಿಣಕ್ಕೆ, ಇಂದಿನ ಒಕ್ಲಹೋಮಕ್ಕೆ, ಸಾಗಿಸುವ ಕಾಯಿದೆ ಮಾಡಿತು. ಪುಸ್ತಕದಲ್ಲಿ ಕಥೆ ತಿರುಗುಮುರುಗು. ಸರ್ಕಾರದ ಸೈನಿಕರು ಬಂದು ತಮ್ಮನ್ನು ಎಬ್ಬಿಸುತ್ತಾರೆಂದು ಕೇಳಿ ಅಪ್ಪ ರೊಚ್ಚಿಗೆದ್ದು, ಕಟ್ಟಿದ ಮನೆ ಬಿಟ್ಟು ಹೊರಡುತ್ತಾನೆ. ನಿಜದಲ್ಲಿ ಅವರು 1871ರಲ್ಲಿ ಹಿಂದಿರುಗಿದ್ದು, ವಿಸ್ಕಾನ್ಸಿನ್‌ನ ಮನೆ ಕೊಂಡವನಿಗೆ ಹಣ ಕಟ್ಟಲಾಗದೆ ಅದು ತಿರುಗಿ ಇವರಿಗೇ ಬಂದದ್ದರಿಂದ. ನೆಲದಿಂದ ಎಬ್ಬಿಸಿದ್ದು ಓಸೇಜರನ್ನು. ಅವರು ಕುದುರೆಗಳ ಮೇಲೆ ಸಾಲಾಗಿ ಮನೆಯ ಮುಂದೆ ಹಾದುಹೋಗುವ ಅಧ್ಯಾಯ ಪುಸ್ತಕದಲ್ಲಿದೆ, ಬಹಳ ಸೊಗಸಾಗಿದೆ, ಲಾರಾ ಕಣ್ಣು ತುಂಬಿಕೊಂಡು ನೋಡುತ್ತಾಳೆ. ಅವರು ಹೋಗುತ್ತಿರುವುದು ಏಕೆ ಎಂಬುದಕ್ಕೆ ಮಾತ್ರ ನೇರ ಉತ್ತರವಿಲ್ಲ. ಹುಡುಗಿ ಅದನ್ನೇ ಕೇಳಿದಾಗ ದೊಡ್ಡವರು ಸುಮ್ಮನಿರು ಎನ್ನುತ್ತಾರೆ.

ಆಕೆ ವಿಚಾರಿಸದೆ ಬರೆದಳು ಎನ್ನಲಾಗದು. 1933ರಲ್ಲಿ ಮಗಳೊಂದಿಗೆ ಆ ಮನೆಯ ಜಾಗ ಹುಡುಕಿಕೊಂಡು ಹೋಗಿದ್ದಳು. ಹೋದದ್ದು ಒಕ್ಲಹೋಮಕ್ಕೆ, ಮನೆ ಇದ್ದದ್ದು ಪಕ್ಕದ ರಾಜ್ಯದಲ್ಲಿ. ಓಸೇಜ್ ನಾಯಕನ ಹೆಸರು ಕೇಳಿ ಪತ್ರಗಳನ್ನೂ ಬರೆದಿದ್ದಳು. ಫ್ರೆಡ್ಡಿಯನ್ನು, ಬರ್ ಓಕ್‌ನ ರಾತ್ರಿಯನ್ನು ಆಕೆ ತಿಳಿದೇ ಬಿಟ್ಟಳು. ಇಲ್ಲಿ ಬಿಟ್ಟದ್ದು ತನಗೇ ಕಾಣಲಿಲ್ಲ, ಏಕೆಂದರೆ ಕ್ಯಾನ್ಸಸ್‌ನ ಬಹುಪಾಲು ಆಕೆಯ ನೆನಪಲ್ಲ, ಅಪ್ಪನಿಂದ ಕೇಳಿದ ಮಾತು. ಹುಡುಗಿಗೆ ಕಾಣದ್ದು ಪುಸ್ತಕದಲ್ಲಿ ಬೇಡ ಎಂಬ ನಿಯಮ ದೊಡ್ಡ ಕಾಡಿನಲ್ಲಿ ವರವಾದದ್ದು ಹುಲ್ಲುಗಾವಲಿನಲ್ಲಿ ಅಪ್ಪನಿಗೆ ರಕ್ಷಣೆಯಾಯಿತು. ಕ್ಯಾರೊಲೈನ್ ಫ್ರೇಸರ್ 2017ರಲ್ಲಿ ಬರೆದ, ಪುಲಿಟ್ಜರ್ ಪಡೆದ ಜೀವನಚರಿತ್ರೆಯಲ್ಲಿ ಈ ಜಮೀನಿನ ಇತಿಹಾಸ ವಿವರವಾಗಿ ಇದೆ. ಇಂಗ್ಲಿಷ್ ಓದಬಲ್ಲ ಶಿಕ್ಷಕರು ಆ ಪುಸ್ತಕ ತರಿಸಿಕೊಳ್ಳಬೇಕು.

1952ರಲ್ಲಿ ಒಬ್ಬ ಓದುಗರು ಪ್ರಕಾಶಕರಿಗೆ ಪತ್ರ ಬರೆದರು. ಆ ನಾಡಿನಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು (ಅಲ್ಲಿನ ಮೂಲನಿವಾಸಿಗಳು) ಮಾತ್ರ ಇದ್ದರು ಎಂಬರ್ಥ ಬರುವ ಒಂದು ಸಾಲು ಲಾರಾಳ ಕ್ಯಾನ್ಸಸ್ ಪುಸ್ತಕದ ಆರಂಭದಲ್ಲೇ ಇತ್ತು. ಹಾಗಾದರೆ ಇಂಡಿಯನ್ನರು ಜನರಲ್ಲವೇ ಎಂಬುದು ಪ್ರಶ್ನೆ. ಹದಿನೇಳು ವರ್ಷಗಳಿಂದ ಆ ಸಾಲು ಅಚ್ಚಾಗುತ್ತಲೇ ಬಂದಿತ್ತು. ಸಂಪಾದಕಿ ಅರ್ಸುಲಾ ನಾರ್ಡ್‌ಸ್ಟ್ರಾಮ್ ವಿಷಯ ತಿಳಿಸಿದಾಗ ಎಂಬತ್ತೈದರ ಲಾರಾ ವಾದಕ್ಕೆ ಇಳಿಯಲಿಲ್ಲ; ಅದು ತನ್ನ ಪ್ರಮಾದ ಎಂದು ಒಪ್ಪಿ ತಿದ್ದಲು ಹೇಳಿದಳು. ಗಾರ್ತ್ ವಿಲಿಯಮ್ಸ್ ಚಿತ್ರಗಳೊಂದಿಗೆ 1953ರಲ್ಲಿ ಬಂದ ಹೊಸ ಮುದ್ರಣದಲ್ಲಿ ‘ಜನ’ ಇದ್ದ ಜಾಗಕ್ಕೆ ‘ವಲಸಿಗರು’ ಬಂತು. ಬದಲಾದದ್ದು ಆ ಒಂದು ಪದ. ನೆರೆಹೊರೆಯವರ ಬಾಯಲ್ಲಿ ಬರುವ, ಸತ್ತ ಇಂಡಿಯನ್ನನ ಬಗೆಗಿನ ಕ್ರೂರ ಮಾತು ಹಾಗೆಯೇ ಉಳಿಯಿತು. ಆಕೆ 1957ರಲ್ಲಿ, ತೊಂಬತ್ತು ತುಂಬಿದ ಮೂರನೆಯ ದಿನ, ತೀರಿಕೊಂಡಳು. ಆಕೆಯ ಹೆಸರಿನಲ್ಲಿ 1954ರಿಂದ ಕೊಡುತ್ತಿದ್ದ ಮಕ್ಕಳ ಸಾಹಿತ್ಯದ ಪದಕದ ಹೆಸರನ್ನು ಅಮೆರಿಕದ ಗ್ರಂಥಪಾಲಕರ ಸಂಘ 2018ರಲ್ಲಿ ಬದಲಾಯಿಸಿತು.

ಪುಸ್ತಕವನ್ನು ಶಾಲೆಯ ಕಪಾಟಿನಿಂದ ತೆಗೆಯಬೇಕೇ ಎಂದು ನನ್ನನ್ನು ಕೇಳುವವರಿದ್ದಾರೆ. ಬೇಡ ಎನ್ನುತ್ತೇನೆ. ಐದನೆಯ ತರಗತಿಯ ಮಕ್ಕಳಿಗೆ ಓದಿ ಹೇಳುವಾಗ ಓಸೇಜರ ಸಾಲು ಹಾದುಹೋಗುವ ಅಧ್ಯಾಯದಲ್ಲಿ ನಿಲ್ಲಿಸಿ, ಇವರು ಎಲ್ಲಿಗೆ ಹೊರಟಿದ್ದಾರೆ, ಏಕೆ ಹೊರಟಿದ್ದಾರೆ ಎಂದು ಕೇಳಿ ನೋಡಿ. ಲಿಂಗನಮಕ್ಕಿಯ ಮುಳುಗಡೆ ಕಂಡ ಸಾಗರ, ಹೊಸನಗರದ ಕಡೆಯ ಶಾಲೆಯಾದರೆ ಆ ಪ್ರಶ್ನೆಗೆ ಮಕ್ಕಳು ತಮ್ಮ ಮನೆಯ ಹಿರಿಯರಿಂದಲೇ ಉತ್ತರ ತಂದಾರು.